ಟಿಕೆಟ್ ಅಗ್ಗ, ಲಗೇಜು ದುಬಾರಿ: ಮನೆಮಂದಿಯೆಲ್ಲ ವಿಮಾನ ಹತ್ತುವ ಮುಂಚೆ

4 ಕೆ.ಜಿ. ರಾಗಿಹಿಟ್ಟಿಗೆ ನಾವು ಎರಡು ಸಾವಿರಕ್ಕಿಂತ ಜಾಸ್ತಿ ಕೊಟ್ಟಿದ್ದೇವೆ. ಹಿಟ್ಟಿನ ಬೆಲೆಯಲ್ಲ ಅದು, ಹಿಟ್ಟನ್ನು ದೆಹಲಿಗೆ ಹಾರಿಸಿದ್ದಕ್ಕೆ. ತಂಗಿ ಅಲ್ಲಿದ್ದಾಳೆ. ಅವಳ ಮನೆಯವರಿಗೆ ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲವಂತೆ, ಅಮ್ಮನಿಗೆ ಅದೇ ಚಿಂತೆ. ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟು, ಹುರುಳಿಕಾಳು, ಆಲೆಮನೆಯ ಅಚ್ಚುಬೆಲ್ಲ, ನಿಪ್ಪಟ್ಟಿನ ಡಬ್ಬಿ, ಎಲ್ಲವನ್ನೂ ಅಮ್ಮ ತಮ್ಮ ಸೂಟ್‌ಕೇಸಿಗೇ ತುಂಬಿದ್ದರು. ದೇವನಹಳ್ಳಿಯ ಕೌಂಟರಿನಲ್ಲಿ ತೂಕಕ್ಕೆ ಇಟ್ಟರೆ 19 ಕೆ.ಜಿ. ಬಿಡುವುದು 15. ಅದಕ್ಕೂ ಮೊದಲು ನಮ್ಮ ಮೂವರ ಬ್ಯಾಗುಗಳನ್ನು ತೂಗಿದ್ದರು. 45 ಕೆ.ಜಿ. ತನಕ ಅವಕಾಶ ಇತ್ತು, ನಮ್ಮದು ಇದ್ದದ್ದು 36. "ಅದರಲ್ಲಿ ಮಿಕ್ಕಿದೆಯಲ್ಲ, ಇದಕ್ಕೆ ಸೇರಿಸಿಕೊಳ್ಳಿ" ಅಂದೆವು. ಆಗುವುದಿಲ್ಲ ಅಂದರು. ಅಮ್ಮನ ಟಿಕೆಟನ್ನು ನಾನು ಬೇರೆ ಮಾಡಿಸಿದ್ದೆ, ನಮ್ಮ ಮೂವರದ್ದನ್ನು ನಮ್ಮವರು ಬೇರೆ ಮಾಡಿಸಿದ್ದರು. ಎರಡು ಪಿಎನ್‌ಆರ್, ಅಂದರೆ ಎರಡು ಬುಕಿಂಗ್, ಎರಡು ಲೆಕ್ಕ. ಹಿಟ್ಟನ್ನು ತೆಗೆದು ನಮ್ಮ ಬ್ಯಾಗಿಗೆ ಹಾಕೋಣ ಅಂದರೆ ನಮ್ಮ ಬ್ಯಾಗುಗಳು ಆಗಲೇ ಬೆಲ್ಟಿನ ಮೇಲೆ ಒಳಗೆ ಹೋಗಿದ್ದವು.

ಅವತ್ತಿನಿಂದ ನಾನು ಟಿಕೆಟ್ ಮಾಡಿಸುವ ರೀತಿಯೇ ಬದಲಾಯಿತು. ನಮ್ಮ ಬೀದಿಯವರು, ನೆಂಟರು ಎಲ್ಲ ಈಗ ನನ್ನನ್ನೇ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಪಿಎನ್‌ಆರ್

ಪಿಎನ್‌ಆರ್ ಅಂದರೆ ಬುಕಿಂಗ್ ಮಾಡಿದಾಗ ಬರುವ ಆರು ಅಕ್ಷರ-ಅಂಕಿಗಳ ಗುರುತು. ಒಂದು ಪಿಎನ್‌ಆರ್‌ನಲ್ಲಿ 9 ಜನರ ತನಕ ಸೇರಿಸಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಗುಂಪಿನ ಬುಕಿಂಗ್ ಆಗುತ್ತದೆ, ಅದರ ದರ, ಷರತ್ತು ಎಲ್ಲ ಬೇರೆ.

ದೇಶದೊಳಗಿನ ಪ್ರಯಾಣಕ್ಕೆ ಇಂಡಿಗೋ, ಆಕಾಸ, ಸ್ಪೈಸ್‌ಜೆಟ್, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಈ ಎಲ್ಲದರಲ್ಲೂ ಮಾಮೂಲಿ ಟಿಕೆಟಿಗೆ ತಲೆಗೆ 15 ಕೆ.ಜಿ. ಚೆಕ್-ಇನ್, 7 ಕೆ.ಜಿ. ಕೈಬ್ಯಾಗು. ಚೆಕ್-ಇನ್ ಅಂದರೆ ಕೌಂಟರಿನಲ್ಲಿ ಕೊಟ್ಟು ಇಳಿದ ಮೇಲೆ ಬೆಲ್ಟಿನಿಂದ ಎತ್ತಿಕೊಳ್ಳುವುದು. ಒಂದೇ ಪಿಎನ್‌ಆರ್‌ನಲ್ಲಿ ನಾಲ್ಕು ಜನ ಇದ್ದರೆ ಸಾಮಾನ್ಯವಾಗಿ 60 ಕೆ.ಜಿ.ಯನ್ನು ಒಟ್ಟಾಗಿ ಲೆಕ್ಕ ಹಾಕುತ್ತಾರೆ. ಅಜ್ಜಿಯ ಬ್ಯಾಗು 8, ಅಪ್ಪನದ್ದು 22 ಇದ್ದರೂ ನಡೆಯುತ್ತದೆ. ಬೇರೆ ಬೇರೆ ಪಿಎನ್‌ಆರ್ ಆದರೆ ಈ ಹೊಂದಾಣಿಕೆ ಇಲ್ಲ. ಒಂದೇ ಮನೆ, ಒಂದೇ ಕಾರಿನಲ್ಲಿ ಬಂದಿದ್ದೀರಿ, ಪಕ್ಕಪಕ್ಕದಲ್ಲೇ ಕೂರುತ್ತೀರಿ, ಅದೆಲ್ಲ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ ಅಲ್ವಾ.

ಎರಡು ವಿಷಯ ಗಮನದಲ್ಲಿರಲಿ. ಒಟ್ಟು ತೂಕ ಎಷ್ಟೇ ಉಳಿದಿದ್ದರೂ ಒಂದೇ ಬ್ಯಾಗು 32 ಕೆ.ಜಿ. ದಾಟಬಾರದು, ಎತ್ತುವ ಕೆಲಸಗಾರರ ಸೊಂಟದ ಪ್ರಶ್ನೆ ಅದು. ಹಾಗೇ ಕೆಲವು ಕಂಪನಿಗಳು ತೂಕದ ಜೊತೆಗೆ ಬ್ಯಾಗಿನ ಸಂಖ್ಯೆಯನ್ನೂ ಎಣಿಸುತ್ತವೆ, ತಲೆಗೆ ಒಂದು ಅಂತ. ಆರು ಚಿಕ್ಕ ಚಿಕ್ಕ ಬ್ಯಾಗು, ಎರಡು ರಟ್ಟಿನ ಡಬ್ಬ, ಒಂದು ಚೀಲ, ಹೀಗೆ ನಮ್ಮ ಕಡೆಯವರು ಮದುವೆಗೆ ಹೊರಟ ಹಾಗೆ ಹೊರಟರೆ ತೂಕ ಸರಿ ಇದ್ದರೂ ದುಡ್ಡು ಕೇಳಬಹುದು. ನಾಲ್ಕು ಜನಕ್ಕೆ ಮೂರು ದೊಡ್ಡ ಸೂಟ್‌ಕೇಸು, ಅಷ್ಟೇ ಸಾಕು.

ಹಳೇ ಲೆಕ್ಕದ ರೈಲು ಪ್ರಯಾಣಿಕರಿಗೆ ಇದು ಜಿಪುಣತನ ಅನ್ನಿಸುತ್ತದೆ. ರೈಲಿನ ಸ್ಲೀಪರಿನಲ್ಲಿ ತಲೆಗೆ 40 ಕೆ.ಜಿ. ಪುಕ್ಕಟೆ, ಎರಡನೇ ದರ್ಜೆ ಎಸಿಯಲ್ಲಿ 50. ನಮ್ಮ ಮಾವ ಇವತ್ತಿಗೂ ಇದನ್ನೇ ಹೇಳಿ ವಿಮಾನದವರನ್ನು ಬೈಯುತ್ತಾರೆ. ಬೈದರೂ ಕೌಂಟರಿನಲ್ಲಿ 15 ಅಂದರೆ 15.

ದರ ಓದುವುದು ಹೇಗೆ

ಆ್ಯಪ್ ತೆರೆದಾಗ ದೊಡ್ಡ ಅಕ್ಷರದಲ್ಲಿ ಕಾಣುವ ಬೆಲೆ ಒಬ್ಬರದ್ದು, ಅದೂ ಒಂದು ಕಡೆಯದ್ದು. ನಾಲ್ಕು ಜನ ಹೋಗಿ ಬರುವುದಾದರೆ ಎಂಟರಿಂದ ಗುಣಿಸಿ. ಟಿಕೆಟಿಗೆ ಮಾತ್ರ ಅಲ್ಲ, ಆಮೇಲೆ ಬರುವ ಒಂದೊಂದು ಚಿಲ್ಲರೆಗೂ ಎಂಟರಿಂದಲೇ ಗುಣಿಸಿ. 300 ರೂಪಾಯಿಯ ಕಿಟಕಿ ಸೀಟು ಕುಟುಂಬಕ್ಕೆ 2,400. ಕೊನೆಯಲ್ಲಿ ದುಡ್ಡು ಕಟ್ಟುವಾಗ ಕನ್ವೀನಿಯನ್ಸ್ ಫೀ ಅಂತ ಸೇರುತ್ತದೆ, ಅದೂ ಸಾಮಾನ್ಯವಾಗಿ ತಲೆಗಿಷ್ಟು, ಪ್ರತಿ ಕಡೆಗಿಷ್ಟು. ಇನ್ಶೂರೆನ್ಸಿಗೆ ಎಷ್ಟೋ ಸಲ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಬೇಡದಿದ್ದರೆ ತೆಗೆಯಿರಿ. ಬೇರೆಯವರ ಬುಕಿಂಗ್ ಆ್ಯಪ್‌ಗಳಲ್ಲಿ ಇಂಥ ಟಿಕ್ಕುಗಳು ಇನ್ನೂ ಜಾಸ್ತಿ.

ಟಿಕೆಟಿನ ಒಳಗೆ ಏನೇನು ಇರುತ್ತದೆ ಅಂದರೆ ಮೂಲ ದರ, ಇಂಧನದ ಸರ್‌ಚಾರ್ಜು, ವಿಮಾನ ನಿಲ್ದಾಣದ ಬಳಕೆ ಶುಲ್ಕ, ಭದ್ರತಾ ಶುಲ್ಕ, ಇಕಾನಮಿಗೆ 5 ಪರ್ಸೆಂಟ್ ಜಿಎಸ್‌ಟಿ. ಈ ಪಟ್ಟಿ ಯಾಕೆ ಹೇಳಿದೆ ಅಂತ ಟಿಕೆಟ್ ರದ್ದು ಮಾಡುವ ಜಾಗದಲ್ಲಿ ಗೊತ್ತಾಗುತ್ತದೆ.

ಇನ್ನು ಚೆಕ್-ಇನ್ ಬ್ಯಾಗೇ ಇಲ್ಲದ ಟಿಕೆಟ್. 2021ರಲ್ಲಿ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಬರೀ ಕೈಬ್ಯಾಗಿನಲ್ಲಿ ಹೋಗುವವರಿಗೆ ಕಡಿಮೆ ದರ ಕೊಡಬಹುದು ಅಂತ ಕಂಪನಿಗಳಿಗೆ ಹೇಳಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಲೈಟ್ ದರ ಈ ಜಾತಿಯದ್ದು. ಹುಡುಕಿದಾಗ ಪಟ್ಟಿಯ ಮೇಲ್ಗಡೆ ಬಂದು ಕೂರುವುದು ಇದೇ, ಯಾಕೆಂದರೆ ಅಗ್ಗ. ಇಬ್ಬರು ಗೆಳೆಯರು ಎರಡು ದಿನಕ್ಕೆ ಹೋಗಿ ಬರುವುದಕ್ಕೆ ಚೆನ್ನ. ಮಕ್ಕಳನ್ನು ಕಟ್ಟಿಕೊಂಡು ಹೋಗುವ ಮನೆಗೆ ಸಾಮಾನ್ಯವಾಗಿ ನಷ್ಟ. ಲೆಕ್ಕಕ್ಕೆ ಹೇಳುತ್ತೇನೆ, ಲೈಟ್ ದರ ಮಾಮೂಲಿಗಿಂತ 600 ಕಡಿಮೆ ಇದೆ ಅನ್ನಿ, ನಾಲ್ಕು ಜನಕ್ಕೆ ಒಂದು ಕಡೆಗೆ 2,400 ಉಳಿಯಿತು. ಆಮೇಲೆ ಎರಡು ಬ್ಯಾಗು ಬೇಕು ಅಂತ 15 ಕೆ.ಜಿ. ಎರಡು ಸಲ ಕೊಂಡರೆ ಉಳಿಸಿದ್ದು ಉಳಿಯಿತೋ ಹೋಯಿತೋ ನೋಡಿ. ಕೆಲವು ಸಲ ಉಳಿಯುತ್ತದೆ ಕೂಡ. ಹಾಗಾಗಿ ಎರಡೂ ದಾರಿಯಲ್ಲಿ ದುಡ್ಡು ಕಟ್ಟುವ ಪುಟದ ತನಕ ಹೋಗಿ, ಒಟ್ಟು ಮೊತ್ತ ಬರೆದುಕೊಂಡು ಹೋಲಿಸಿ. ಪುಟದ ಮೊದಲಲ್ಲಿ ಕಂಡ ಬೆಲೆ ಹಿಡಿದು ಹೋಲಿಸಿದರೆ ಸುಮ್ನೆ ಮೋಸ ಹೋಗುತ್ತೀರಿ.

ನಾಲ್ಕು ಜನ ಅಂತ ಹುಡುಕಿದರೆ ಬೆಲೆ ಏಕೆ ಏರುತ್ತದೆ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಒಂದೇ ವಿಮಾನದ ಸೀಟುಗಳನ್ನು ಕಂಪನಿಯವರು ಬೇರೆ ಬೇರೆ ದರದ ಗುಂಪುಗಳಾಗಿ ಇಟ್ಟಿರುತ್ತಾರೆ. ಅಗ್ಗದ ಗುಂಪು ಮುಗಿದ ಮೇಲೆ ಅದರ ಮೇಲಿನದ್ದು. ಅಗ್ಗದ ದರದಲ್ಲಿ ಎರಡೇ ಸೀಟು ಮಿಕ್ಕಿವೆ ಅನ್ನಿ. ನೀವು ನಾಲ್ಕು ಬೇಕು ಅಂತ ಕೇಳಿದಾಗ ಎರಡು ಅಗ್ಗದ್ದು, ಎರಡು ದುಬಾರಿ ಅಂತ ಕೊಡುವುದಿಲ್ಲ, ನಾಲ್ಕನ್ನೂ ಮೇಲಿನ ದರಕ್ಕೇ ತೋರಿಸುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲಾಗಲಿ ದೇವರಾಜ ಮಾರ್ಕೆಟ್ಟಿನಲ್ಲಾಗಲಿ ಜಾಸ್ತಿ ಕೊಂಡರೆ ರೇಟು ಇಳಿಯುತ್ತದೆ, ಇಲ್ಲಿ ಉಲ್ಟಾ.

ಪರೀಕ್ಷೆ ಮಾಡುವುದು ಸುಲಭ. ಅದೇ ವಿಮಾನಕ್ಕೆ ಮೊದಲು ಒಬ್ಬರಿಗೆ ಅಂತ ನೋಡಿ, ಆಮೇಲೆ ಇಬ್ಬರಿಗೆ, ಆಮೇಲೆ ನಾಲ್ಕು ಜನಕ್ಕೆ. ತಲೆಗೆ ಬೀಳುವ ಬೆಲೆ ಒಂದೇ ಇದ್ದರೆ ಕಣ್ಣುಮುಚ್ಚಿ ಒಟ್ಟಿಗೆ ಮಾಡಿಸಿ. ಎಲ್ಲೋ ಒಂದು ಕಡೆ ಜಿಗಿದರೆ ಎರಡಾಗಿ ಒಡೆಯುವ ಯೋಚನೆ ಮಾಡಬಹುದು.

ಆದರೆ ಒಡೆದರೆ ನನ್ನ ರಾಗಿಹಿಟ್ಟಿನ ಗತಿ ನೆನಪಿರಲಿ. ತೂಕ ಹಂಚಿಕೊಳ್ಳುವುದು ಹೋಗುತ್ತದೆ. ಮಗುವಿನ ಹೆಸರು ದೊಡ್ಡವರೊಬ್ಬರ ಜೊತೆಯಲ್ಲೇ ಇರಬೇಕು, ಬರೀ ಮಕ್ಕಳದ್ದೇ ಒಂದು ಬುಕಿಂಗ್ ಮಾಡಲು ಬಿಡುವುದಿಲ್ಲ. ಒಡೆಯುವುದರಿಂದ 400-500 ಉಳಿಯುವುದಾದರೆ ನಾನು ಒಡೆಯುವುದಿಲ್ಲ. ಎರಡು-ಮೂರು ಸಾವಿರ ಉಳಿದರೆ ಒಡೆಯುತ್ತೇನೆ, ಆದರೆ ಬ್ಯಾಗು ತುಂಬುವಾಗಲೇ ಯಾವ ಬ್ಯಾಗು ಯಾವ ಪಿಎನ್‌ಆರ್‌ಗೆ ಅಂತ ಅದರ ಹಿಡಿಗೆ ಬಣ್ಣದ ದಾರ ಕಟ್ಟಿಬಿಡುತ್ತೇನೆ. ಅರಿಶಿನ ದಾರದ್ದು ಅಮ್ಮನದ್ದು, ಕೆಂಪು ನಮ್ಮದು.

ಸೀಟು ಕೊಳ್ಳಬೇಕಾ? ಮಕ್ಕಳಿಗೋಸ್ಕರ ಅಂತ ಎಲ್ಲರೂ ಹೆದರಿ ಕೊಳ್ಳುತ್ತಾರೆ. 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ಸ್ಪಷ್ಟವಾಗಿ ಹೇಳಿದೆ, ಒಂದೇ ಪಿಎನ್‌ಆರ್‌ನಲ್ಲಿ ಬಂದ 12 ವರ್ಷದ ತನಕದ ಮಗುವಿಗೆ ಅಪ್ಪ-ಅಮ್ಮ ಅಥವಾ ಜೊತೆಯಲ್ಲಿರುವ ದೊಡ್ಡವರಲ್ಲಿ ಒಬ್ಬರಾದರೂ ಪಕ್ಕದಲ್ಲಿ ಇರುವ ಹಾಗೆ ಸೀಟು ಕೊಡಬೇಕು ಅಂತ. ಗಮನಿಸಿ, ಇಲ್ಲೂ ಒಂದೇ ಪಿಎನ್‌ಆರ್, ಹಾಗೇ ಒಬ್ಬರು ಮಾತ್ರ. ಇಡೀ ಮನೆ ಒಂದೇ ಸಾಲಿನಲ್ಲಿ ಕೂರಲೇಬೇಕು ಅಂದರೆ ದುಡ್ಡು ಕೊಡಿ. ಇಲ್ಲದಿದ್ದರೆ ವೆಬ್ ಚೆಕ್-ಇನ್, ಅಂದರೆ ಮನೆಯಲ್ಲೇ ಫೋನಿನಲ್ಲಿ ಸೀಟು ಹಿಡಿದು ಬೋರ್ಡಿಂಗ್ ಪಾಸ್ ತೆಗೆಯುವುದು, ಶುರುವಾದ ತಕ್ಷಣ ಮಾಡಿ, ಪುಕ್ಕಟೆ ಸೀಟುಗಳಲ್ಲಿ ಒಳ್ಳೆಯದು ಸಿಗುತ್ತದೆ. ಎರಡೂವರೆ ಗಂಟೆ ಗಂಡ ಎರಡು ಸಾಲು ಹಿಂದೆ ಕೂತರೆ ಪ್ರಪಂಚ ಮುಳುಗುವುದಿಲ್ಲ.

ಮಕ್ಕಳ ವಯಸ್ಸು, ಮಕ್ಕಳ ಲೆಕ್ಕ

ಬಸ್ಸಿನ ಅರ್ಧ ಟಿಕೆಟ್ ಇಲ್ಲಿ ಮರೆತುಬಿಡಿ. 2 ವರ್ಷ ತುಂಬಿದ ಮಗುವಿಗೆ ಬೇರೆ ಸೀಟು, ಅಗ್ಗದ ವಿಮಾನಗಳಲ್ಲಿ ದರವೂ ಹೆಚ್ಚುಕಡಿಮೆ ದೊಡ್ಡವರದ್ದೇ. ಸಮಾಧಾನ ಏನೆಂದರೆ ಆ ಮಗುವಿಗೂ ಪೂರ್ತಿ 15 ಕೆ.ಜಿ., 7 ಕೆ.ಜಿ. ಸಿಗುತ್ತದೆ. ಮೂರು ವರ್ಷದ ಕೂಸಿನ ಬಟ್ಟೆ ಎಷ್ಟು ತೂಗುತ್ತದೆ ಹೇಳಿ. ಅಮ್ಮನ ಬೆಲ್ಲ ಈಗ ಮೊಮ್ಮಗಳ ಲೆಕ್ಕದಲ್ಲಿ ಹೋಗುತ್ತದೆ.

2 ವರ್ಷದ ಒಳಗಿನದ್ದು ಮಡಿಲ ಕೂಸು. ಅದಕ್ಕೆ ಸೀಟಿಲ್ಲ, ಟಿಕೆಟ್ ಉಂಟು, ಒಂದು ನಿಗದಿಯಾದ ಶುಲ್ಕ. ಒಬ್ಬ ದೊಡ್ಡವರಿಗೆ ಒಂದೇ ಕೂಸು. ಅವಳಿ ಮಕ್ಕಳಾದರೆ ದೊಡ್ಡವರು ಇಬ್ಬರು ಬೇಕು. ಮಡಿಲ ಕೂಸಿಗೆ ಸಾಮಾನ್ಯವಾಗಿ ಚೆಕ್-ಇನ್ ತೂಕ ಕೊಡುವುದಿಲ್ಲ, ಆದರೆ ಮಡಚುವ ತಳ್ಳುಗಾಡಿಯನ್ನು ಬಹುತೇಕ ಕಂಪನಿಗಳು ಪುಕ್ಕಟೆ ಒಯ್ಯುತ್ತವೆ. ಒಂದು ಸೂಕ್ಷ್ಮ ಇದೆ. ಹೋಗುವಾಗ ಕೂಸಿಗೆ ಒಂದು ವರ್ಷ ಹನ್ನೊಂದು ತಿಂಗಳು, ದೆಹಲಿಯಲ್ಲಿದ್ದಾಗ ಹುಟ್ಟುಹಬ್ಬ ಆಯಿತು ಅನ್ನಿ. ಬರುವಾಗ ಅದು ಮಡಿಲ ಕೂಸಲ್ಲ, ಸೀಟು ಬೇಕು. ಬುಕ್ ಮಾಡುವಾಗಲೇ ಎರಡೂ ದಿನಾಂಕ ನೋಡಿ, ಇಲ್ಲದಿದ್ದರೆ ವಾಪಸ್ ಬರುವ ದಿನ ಕೌಂಟರಿನಲ್ಲಿ ಅವತ್ತಿನ ದರ ತೆರಬೇಕಾಗುತ್ತದೆ.

ಕೂಸಿನ ವಯಸ್ಸಿಗೆ ದಾಖಲೆ ಬೇಕು, ಜನನ ಪ್ರಮಾಣಪತ್ರ ಅಥವಾ ಆಧಾರ್. ಫೋಟೋ ತೆಗೆದ ಪ್ರತಿಯ ಜೊತೆ ಮೂಲವನ್ನೂ ಇಟ್ಟುಕೊಳ್ಳಿ. ಮನೆಯಲ್ಲಿ ಕಾಲೇಜಿಗೆ ಹೋಗುವವರು ಇದ್ದರೆ ವಿದ್ಯಾರ್ಥಿ ದರ ನೋಡಿ. ಬೆಲೆ ಇಳಿಯುವುದಕ್ಕಿಂತ ಅದರ ಜೊತೆ ಕೆಲವು ಕಂಪನಿಗಳು ಕೊಡುವ ಹೆಚ್ಚುವರಿ ತೂಕ ಮುಖ್ಯ. 60 ದಾಟಿದವರಿಗೂ, ಸೈನ್ಯದಲ್ಲಿ ಇರುವವರಿಗೂ ರಿಯಾಯಿತಿ ಉಂಟು. ಆದರೆ ರಿಯಾಯಿತಿ ದರ ಒಂದೊಂದು ಸಲ ಮಾಮೂಲಿ ಆಫರ್ ದರಕ್ಕಿಂತ ಮೇಲೇ ಇರುತ್ತದೆ, ಅದಕ್ಕೇ ಎರಡನ್ನೂ ನೋಡಬೇಕು.

7 ಕೆ.ಜಿ. ಕೈಬ್ಯಾಗು

ಕೈಬ್ಯಾಗು ಒಂದೇ, 7 ಕೆ.ಜಿ. 2024ರಿಂದ ಇದರಲ್ಲಿ ಬಿಗಿ ಜಾಸ್ತಿಯಾಗಿದೆ. ಅಳತೆ ಸಾಮಾನ್ಯವಾಗಿ 55, 35, 25 ಸೆಂಟಿಮೀಟರಿನ ಒಳಗೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರಬಹುದು. ಹೆಂಗಸರ ಪರ್ಸು ಅಥವಾ ಲ್ಯಾಪ್‌ಟಾಪ್ ಬ್ಯಾಗು ಚಿಕ್ಕದಾಗಿದ್ದರೆ ಬೇರೆಯಾಗಿ ಬಿಡುತ್ತಾರೆ, ಆ ಪರ್ಸಿನ ಹೆಸರಿನಲ್ಲಿ ದೊಡ್ಡ ಜೋಳಿಗೆ ತರಬೇಡಿ. ಚಕ್ರದ ಟ್ರಾಲಿ ಖಾಲಿ ಇದ್ದಾಗಲೇ ಎರಡು-ಮೂರು ಕೆ.ಜಿ. ತೂಗುತ್ತದೆ, ಅಂದರೆ ನಿಮ್ಮ 7ರಲ್ಲಿ ಮೂರನೇ ಒಂದು ಭಾಗ ಬರೀ ಪ್ಲಾಸ್ಟಿಕ್ಕು. ಮಕ್ಕಳ ಸ್ಕೂಲ್ ಬ್ಯಾಗೇ ಒಳ್ಳೆಯದು. ಅದನ್ನೇ ಬೆನ್ನಿಗೆ ಹಾಕಿ ಕರೆದುಕೊಂಡು ಹೋಗಿ, ಕೈಗಳು ಬಿಡುವಾಗಿರುತ್ತವೆ.

ಔಷಧಿ, ಕನ್ನಡಕ, ಚಿನ್ನ, ದುಡ್ಡು, ದಾಖಲೆ, ಮಗುವಿನ ಒಂದು ಜೊತೆ ಬಟ್ಟೆ ಕೈಬ್ಯಾಗಿನಲ್ಲೇ ಇರಲಿ. ದೇಶದೊಳಗಿನ ಪ್ರಯಾಣದಲ್ಲಿ ಚೆಕ್-ಇನ್ ಬ್ಯಾಗು ಕಳೆದರೆ ಕಂಪನಿಯ ಹೊಣೆಗೆ ಮಿತಿ ಇದೆ, ತಲೆಗೆ 20,000 ರೂಪಾಯಿ. ಮದುವೆಗೆ ಹೋಗುವವರು ಎರಡೆಳೆ ಸರವನ್ನು ಸೀರೆ ಮಡಿಕೆಯೊಳಗೆ ಇಟ್ಟು ಚೆಕ್-ಇನ್‌ಗೆ ಹಾಕುವುದನ್ನು ನಾನೇ ನೋಡಿದ್ದೇನೆ.

ಪವರ್ ಬ್ಯಾಂಕ್ ಕೈಬ್ಯಾಗಿನಲ್ಲಿ ಮಾತ್ರ, ಚೆಕ್-ಇನ್‌ನಲ್ಲಿ ಇಡಲೇಬಾರದು. ಮಾಮೂಲಿ 10,000 ಅಥವಾ 20,000 ಎಂಎಎಚ್‌ನದ್ದಕ್ಕೆ ತೊಂದರೆ ಇಲ್ಲ, ಅವು 100 ವ್ಯಾಟ್-ಅವರ್ ಮಿತಿಯ ಒಳಗೇ ಬರುತ್ತವೆ. ಮರೆತು ಸೂಟ್‌ಕೇಸಿನಲ್ಲಿ ಬಿಟ್ಟರೆ ಸ್ಕ್ಯಾನ್‌ನಲ್ಲಿ ಸಿಕ್ಕಿ ನಿಮ್ಮ ಹೆಸರು ಕೂಗುತ್ತಾರೆ.

ಕೊಬ್ಬರಿ, ತುಪ್ಪ, ಕರ್ಪೂರ

ನಮ್ಮ ಕಡೆಯವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಒಣ ಕೊಬ್ಬರಿ ಗಿಟುಕನ್ನು ಕೈಬ್ಯಾಗಿನಲ್ಲೂ ಬಿಡುವುದಿಲ್ಲ, ಚೆಕ್-ಇನ್‌ನಲ್ಲೂ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ ಅಪಾಯದ ಪಟ್ಟಿಯಲ್ಲಿ ಸೇರಿಸಿದ್ದಾರೆ. ಮಗಳಿಗೆ ಸೀಮಂತಕ್ಕೆ ಅಂತ ಹೊರಟವರು ಮಡಿಲಕ್ಕಿಯ ಕೊಬ್ಬರಿ ಬಟ್ಟಲನ್ನು ಕೌಂಟರಿನ ಪಕ್ಕದಲ್ಲಿ ಬಿಟ್ಟು ಹೋಗುವಾಗ ಅವರ ಮುಖ ನೋಡಬೇಕು. ಹೋದ ಊರಿನಲ್ಲೇ ಕೊಂಡುಕೊಳ್ಳಿ. ಇಡೀ ತೆಂಗಿನಕಾಯಿಯನ್ನೂ ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ಶಬರಿಮಲೆಯ ಕಾಲದಲ್ಲಿ ಇರುಮುಡಿಯ ಕಾಯಿಗೆ ವಿನಾಯಿತಿ ಕೊಟ್ಟದ್ದುಂಟು, ಅದು ಮಾಲೆ ಹಾಕಿದವರಿಗೆ.

ಪೂಜಾ ಸಾಮಾನಿನ ಚೀಲದಲ್ಲಿ ಕರ್ಪೂರ, ಬೆಂಕಿಪೊಟ್ಟಣ ಇರುತ್ತದೆ, ಗೃಹಪ್ರವೇಶಕ್ಕೆ ಹೊರಟ ಅಜ್ಜಿಯರ ಚೀಲದಲ್ಲಂತೂ ಖಂಡಿತ. ಎರಡನ್ನೂ ಮನೆಯಲ್ಲೇ ತೆಗೆದಿಡಿ.

ತುಪ್ಪ, ಉಪ್ಪಿನಕಾಯಿ, ಖಾರದ ಪುಡಿ ಚೆಕ್-ಇನ್ ಬ್ಯಾಗಿಗೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಳ ತಿರುಗಿಸಿ, ಮೇಲೆ ಟೇಪು ಸುತ್ತಿ, ಆಮೇಲೆ ಎರಡು ಕವರು, ಅದನ್ನು ಹಳೇ ಟವಲಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಡಿ. ಬೆಲ್ಟಿನ ಮೇಲೆ ಬ್ಯಾಗು ತಲೆಕೆಳಗಾಗಿಯೇ ಬರುತ್ತದೆ ಅಂದುಕೊಂಡು ಕಟ್ಟಬೇಕು. ಮೈಸೂರು ಪಾಕು, ಚಕ್ಕುಲಿ, ಕೋಡುಬಳೆ ಕೈಬ್ಯಾಗಿನಲ್ಲಿ ನಡೆಯುತ್ತದೆ. ರಾಗಿಹಿಟ್ಟು ಚೆಕ್-ಇನ್‌ನಲ್ಲೇ ಇರಲಿ, ಬೂದುಬಣ್ಣದ ಪುಡಿಯ ಪೊಟ್ಟಣ ಹಿಡಿದುಕೊಂಡು ಭದ್ರತೆಯವರಿಗೆ ಮುದ್ದೆ ಅಂದರೇನು ಅಂತ ಹಿಂದಿಯಲ್ಲಿ ವಿವರಿಸುವುದು ಕಷ್ಟ. ನಂಜನಗೂಡು ರಸಬಾಳೆಯನ್ನು ಚೆಕ್-ಇನ್‌ಗೆ ಹಾಕಿದರೆ ಆ ಕಡೆ ಸೀಕರಣೆ ಸಿಗುತ್ತದೆ, ಕೈಯಲ್ಲೇ ಹಿಡಿದುಕೊಳ್ಳಿ.

ಮನೆಯಲ್ಲೇ ತೂಗಿ. ಕೊಕ್ಕೆ ಇರುವ ಚಿಕ್ಕ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನಮ್ಮದು ಇಡೀ ಬೀದಿ ಸುತ್ತಿದೆ. ಅದಿಲ್ಲದಿದ್ದರೆ ಬ್ಯಾಗು ಹಿಡಿದು ತೂಕದ ಮೆಷಿನ್ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. 15 ಅಂದರೆ 14ಕ್ಕೆ ನಿಲ್ಲಿಸಿ.

ತೂಕ ಜಾಸ್ತಿ ಆಗಿಯೇ ಆಗುತ್ತದೆ ಅಂದರೆ

ಹಿಂದಿನ ದಿನವೇ ಆ್ಯಪ್‌ನಲ್ಲಿ ಕೊಳ್ಳಿ. ಕೌಂಟರಿನಲ್ಲಿ ಕೆ.ಜಿ.ಗೆ 500ರ ಮೇಲೆ ಬೀಳುತ್ತದೆ, ಮೊದಲೇ ಕೊಂಡರೆ ಕಡಿಮೆ. ಆದರೆ ಅಲ್ಲಿ ಬಿಡಿ ಕೆ.ಜಿ. ಅಲ್ಲ, ಇಷ್ಟು ಕೆ.ಜಿ.ಯ ಪ್ಯಾಕ್ ಅಂತ ಇರುತ್ತದೆ. 2 ಕೆ.ಜಿ.ಗೋಸ್ಕರ 5 ಕೆ.ಜಿ.ಯ ಪ್ಯಾಕ್ ಕೊಳ್ಳುವುದು ಲಾಭವೋ ಇಲ್ಲವೋ ಗುಣಿಸಿ ನೋಡಿ. ಇನ್ನೊಂದು ದಾರಿ ಅಂಚೆ ಕಚೇರಿ. ರಾಗಿ, ಹುರುಳಿ, ಬೆಲ್ಲದಂಥ ಕೆಡದ ಸಾಮಾನನ್ನು ಹತ್ತು ದಿನ ಮುಂಚೆ ಪಾರ್ಸಲ್ ಹಾಕಿದರೆ ಖರ್ಚು ಇದರ ಮುಂದೆ ಏನೂ ಅಲ್ಲ. ನಾವು ಈಗ ಅದನ್ನೇ ಮಾಡುವುದು.

ಎಲ್ಲಿಂದ ಹತ್ತುವುದು

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಹತ್ತಿರ, ಮಂಡ್ಯದಿಂದ ಒಂದೂವರೆ ಗಂಟೆಯೂ ಬೇಡ. ರನ್‌ವೇ ಸುಮಾರು 1.7 ಕಿ.ಮೀ. ಉದ್ದ, ಹಾಗಾಗಿ ಫ್ಯಾನು ತಿರುಗುವ ಚಿಕ್ಕ ಎಟಿಆರ್ ವಿಮಾನಗಳು ಬರುತ್ತವೆ. ಅದರಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು, ಗಟ್ಟಿ ಟ್ರಾಲಿ ಹಿಡಿಯದೆ ಮೆಟ್ಟಿಲ ಬಳಿಯೇ ಇಸಿದುಕೊಂಡು ಕೆಳಗೆ ಹಾಕುವುದುಂಟು. ಹಾಗೆ ಕೊಡುವ ಮುಂಚೆ ಔಷಧಿ, ಪವರ್ ಬ್ಯಾಂಕ್ ತೆಗೆದುಕೊಳ್ಳಿ. ಇಲ್ಲಿಂದ ಹೊರಟು ಇನ್ನೊಂದು ಊರಿನಲ್ಲಿ ವಿಮಾನ ಬದಲಾಯಿಸುವುದಾದರೆ ಎರಡೂ ಒಂದೇ ಟಿಕೆಟಿನಲ್ಲಿ ಇರಲಿ. ಬೇರೆ ಬೇರೆ ಕೊಂಡರೆ ಮಧ್ಯದಲ್ಲಿ ಇಳಿದು, ಬ್ಯಾಗು ಎತ್ತಿಕೊಂಡು, ಮತ್ತೆ ತೂಗಿಸಿ, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ.

ದೇವನಹಳ್ಳಿ ಮಂಡ್ಯದಿಂದ ಸುಮಾರು 140 ಕಿ.ಮೀ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕೆಂಗೇರಿ ತನಕ ಸಲೀಸು, ಅದರ ಮೇಲೆ ಬೆಂಗಳೂರು ನಿಮ್ಮ ಹಣೆಬರಹ. ಮೈಸೂರಿನಿಂದ ಫ್ಲೈಬಸ್ ಇದೆ, ಮಂಡ್ಯದವರು ಬುಕ್ ಮಾಡುವಾಗಲೇ ನಿಲುಗಡೆ ಎಲ್ಲಿ ಅಂತ ನೋಡಿಕೊಳ್ಳಿ. ಒಬ್ಬರು ಇಬ್ಬರಾದರೆ ಬಸ್ಸು ಅಗ್ಗ. ನಾಲ್ಕು ಜನ, ಮೂರು ಸೂಟ್‌ಕೇಸು ಅಂದರೆ ಬಸ್ಸಿನ ನಾಲ್ಕು ಟಿಕೆಟಿಗೂ ಟ್ಯಾಕ್ಸಿಗೂ ಅಂತರ ಅಷ್ಟೇನೂ ಉಳಿಯುವುದಿಲ್ಲ. ಈ ಖರ್ಚನ್ನು ವಿಮಾನದ ದರಕ್ಕೆ ಸೇರಿಸಿಯೇ ಹೋಲಿಸಿ. ಬೆಳಗಿನ ಜಾವ 5ರ ವಿಮಾನ ತಲೆಗೆ 700 ಅಗ್ಗ ಅಂತ ಆಸೆ ಬಿದ್ದರೆ ರಾತ್ರಿ 11ಕ್ಕೆ ಮನೆ ಬಿಡಬೇಕು, ಮಕ್ಕಳು ಅಲ್ಲಿ ಕುರ್ಚಿಯ ಮೇಲೆ ಮಲಗಬೇಕು. ನಾನು ಒಂದು ಸಲ ಮಾಡಿದೆ, ಇನ್ನು ಮಾಡುವುದಿಲ್ಲ. ಟರ್ಮಿನಲ್ ಒಂದೋ ಎರಡೋ ಅಂತ ಟಿಕೆಟಿನಲ್ಲಿ ನೋಡಿ ಡ್ರೈವರಿಗೆ ಮೊದಲೇ ಹೇಳಿ.

ಹುಣಸೂರು, ವಿರಾಜಪೇಟೆ ದಾಟಿ ಹೋದರೆ ಕಣ್ಣೂರು ವಿಮಾನ ನಿಲ್ದಾಣ. ಅದು ಶುರುವಾದದ್ದು 2018ರ ಡಿಸೆಂಬರಿನಲ್ಲಿ. ದುಬೈ, ಅಬುಧಾಬಿ ಕಡೆಗೆ ಹೋಗುವ ಮೈಸೂರಿನವರು ಅಲ್ಲಿನ ದರವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಮಾಕುಟ್ಟ ಘಾಟಿ ನಂಬಿಕೊಂಡು ಹೊರಡುವಾಗ ಮಾತ್ರ ಹೆಚ್ಚು ಸಮಯ ಇಟ್ಟುಕೊಳ್ಳಿ.

ಹೊರದೇಶದ ಅಗ್ಗದ ವಿಮಾನಗಳಲ್ಲಿ ದೇಶದೊಳಗಿನ 15ರ ಲೆಕ್ಕ ನಡೆಯುವುದಿಲ್ಲ. ಏರ್‌ಏಷ್ಯಾದ ಮೂಲ ದರದಲ್ಲಿ ಚೆಕ್-ಇನ್ ಬ್ಯಾಗೇ ಇರುವುದಿಲ್ಲ, ಬೇಕಾದರೆ ಕೊಳ್ಳಬೇಕು. ಕ್ವಾಲಾಲಂಪುರಕ್ಕೆ ಅಷ್ಟು ಕಡಿಮೆ ದರ ಹೇಗೆ ಅಂತ ಆಶ್ಚರ್ಯಪಡುವವರಿಗೆ ಇದೇ ಉತ್ತರ.

ಹೆಸರು, ರದ್ದತಿ

ನಮ್ಮಲ್ಲಿ ಇನಿಷಿಯಲ್ ರಗಳೆ ಒಂದಿದೆ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಹೆಸರು ಹಾಕಿ, ಕರೆಯುವ ಹೆಸರು ಹಾಕಬೇಡಿ. ಪುಟ್ಟಿ, ಗುಂಡ ಅಂತ ಯಾರೂ ಹಾಕುವುದಿಲ್ಲ ನಿಜ, ಆದರೆ ಆಧಾರ್‌ನಲ್ಲಿ ಜಯಮ್ಮ ಇರುವವರಿಗೆ ಟಿಕೆಟಿನಲ್ಲಿ ಜಯಲಕ್ಷ್ಮಿ ಅಂತ ಹಾಕಿಸಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಮಾಡಿಸಿದ್ದರೆ 24 ಗಂಟೆಯೊಳಗೆ ಕಾಗುಣಿತ ತಿದ್ದಿಸಲು ದುಡ್ಡು ಕೇಳುವ ಹಾಗಿಲ್ಲ. ಕುಟುಂಬದ ಟಿಕೆಟನ್ನು ನಾನು ಬೇರೆ ಆ್ಯಪ್‌ಗಳಲ್ಲಿ ಬರೀ ನೋಡುತ್ತೇನೆ, ಕೊಳ್ಳುವುದು ಕಂಪನಿಯಲ್ಲೇ. ಇದು ಒಂದು ಕಾರಣ.

ರದ್ದು ಮಾಡುವಾಗ ಮೇಲೆ ಹೇಳಿದ ಪಟ್ಟಿ ನೆನಪಿಸಿಕೊಳ್ಳಿ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನದ ಸರ್‌ಚಾರ್ಜನ್ನು ಮೀರಬಾರದು. ತೆರಿಗೆ, ನಿಲ್ದಾಣದ ಶುಲ್ಕ ಎಲ್ಲ ವಾಪಸ್ ಕೊಡಲೇಬೇಕು, "ಈ ಟಿಕೆಟಿಗೆ ರೀಫಂಡ್ ಇಲ್ಲ" ಅಂತ ಬರೆದಿದ್ದರೂ ಸರಿಯೇ. ತಲೆಗೆ ಕೆಲವು ನೂರು ಇರಬಹುದು, ಐದು ಜನ ಎರಡು ಕಡೆಗೆ ಅಂದರೆ ಬಿಟ್ಟುಬಿಡುವ ಮೊತ್ತವಲ್ಲ. ಹೇಗೂ ಏನೂ ಬರುವುದಿಲ್ಲ ಅಂತ ಸುಮ್ನೆ ಕೂತವರು ಬಹಳ ಜನ.

ದೇಶದೊಳಗಿನ ವಿಮಾನಗಳಿಗೆ ಕೌಂಟರ್ ಮುಚ್ಚುವುದು ಹೊರಡುವ 60 ನಿಮಿಷ ಮುಂಚೆ. ಮನೆಮಂದಿಯೆಲ್ಲ ಹೋಗುವಾಗ ಎರಡೂವರೆ ಗಂಟೆ ಮೊದಲೇ ಅಲ್ಲಿರಿ. ಎಲ್ಲ ಬ್ಯಾಗುಗಳನ್ನು ಒಟ್ಟಿಗೆ ತೂಗಿಸಿ ಆಮೇಲೆ ಟ್ಯಾಗು ಹಾಕಿ ಅಂತ ಕೌಂಟರಿನವರಿಗೆ ಮೊದಲೇ ಹೇಳಿ. ನಾವು ಹಾಗೆ ಹೇಳಿದ್ದರೆ ಆ ಹಿಟ್ಟು ನಮ್ಮ ಬ್ಯಾಗಿಗೆ ಹೋಗುತ್ತಿತ್ತು.

ಇಳಿದ ಮೇಲೆ ಚಕ್ರ ಮುರಿದಿದ್ದರೆ, ಬ್ಯಾಗು ಬರದಿದ್ದರೆ ಬಾಗಿಲು ದಾಟುವ ಮುಂಚೆ ಬೆಲ್ಟಿನ ಹತ್ತಿರದ ಕೌಂಟರಿನಲ್ಲಿ ದೂರು ಬರೆಸಿ, ಕಾಗದ ಇಸಿದುಕೊಳ್ಳಿ. ಟ್ಯಾಗಿನ ಚೀಟಿ ಬಿಸಾಡಬೇಡಿ. ಮನೆಗೆ ಹೋಗಿ ಫೋನ್ ಮಾಡಿದರೆ ಅದು ಎಲ್ಲಿ ಮುರಿಯಿತೋ ಯಾರಿಗೆ ಗೊತ್ತು ಅನ್ನುತ್ತಾರೆ.

ವಾಪಸ್ ಬರುವ ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹಿಟ್ಟು, ಬೆಲ್ಲ ಎಲ್ಲ ಇಳಿಸಿದ ಮೇಲೆ ಅಮ್ಮನ ಸೂಟ್‌ಕೇಸು ಖಾಲಿ ಅಂದುಕೊಂಡು ನಾವು ನಿರಾಳವಾಗಿದ್ದೆವು. ಹೊರಡುವ ದಿನ ನೋಡಿದರೆ ತಂಗಿ ಎರಡು ಚಳಿಗಾಲದ ರಜಾಯಿ ಕಟ್ಟಿಟ್ಟಿದ್ದಾಳೆ. ತೂಕ ಕಡಿಮೆ, ಗಾತ್ರ ಹಂಡೆಯಷ್ಟು. ಬ್ಯಾಗಿನ ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ಮೀರಬಾರದು ಅಂತ ಇನ್ನೊಂದು ನಿಯಮ ಇದೆಯಲ್ಲ, ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಒಂದು ರಜಾಯಿಯನ್ನು ಹಗ್ಗ ಬಿಗಿದು ಸೂಟ್‌ಕೇಸಿಗೆ ತುರುಕಿದೆವು. ಇನ್ನೊಂದನ್ನು ಅಮ್ಮ ಶಾಲಿನ ಹಾಗೆ ಹೊದ್ದುಕೊಂಡೇ ದೆಹಲಿಯಿಂದ ದೇವನಹಳ್ಳಿಗೆ ಬಂದರು. ಅದಕ್ಕೆ ಯಾರೂ ದುಡ್ಡು ಕೇಳಲಿಲ್ಲ.